ಒಂದೇ ಸಾಲಿನ ಸ್ವರ: ಆರ್ವೊ ಪ್ಯಾರ್ಟ್ ಅವರ ಮೌನದ ವರ್ಷಗಳು – ಒಂದು ಪ್ರಕರಣ ಅಧ್ಯಯನ

1968ರ ನವೆಂಬರ್ 16ರಂದು ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್ ನಗರದ ಎಸ್ಟೋನಿಯಾ ಸಂಗೀತ ಸಭಾಂಗಣದಲ್ಲಿ ಆ ದೇಶದ ಸಂಯೋಜಕ ಆರ್ವೊ ಪ್ಯಾರ್ಟ್ ಅವರ ‘ಕ್ರೆಡೊ’ ಎಂಬ ಕೃತಿ ಮೊದಲ ಸಲ ಕೇಳಿಬಂತು. ಪಿಯಾನೋ, ದೊಡ್ಡ ಗಾಯಕವೃಂದ ಮತ್ತು ಪೂರ್ಣ ಪ್ರಮಾಣದ ವಾದ್ಯವೃಂದ, ಈ ಮೂರನ್ನೂ ಬೇಡುವ ಕೃತಿ ಅದು. 1976ರ ಫೆಬ್ರವರಿ 7ರಂದು ಅದೇ ಸಂಯೋಜಕರು ಬರೆದ ಇನ್ನೊಂದು ಕೃತಿಯ ಹೆಸರು ‘ಫ್ಯೂರ್ ಅಲೀನಾ’. ಅದಕ್ಕೆ ಒಂದು ಪಿಯಾನೋ ಸಾಕು, ಸ್ವರಲಿಪಿ ಎರಡೇ ಪುಟ. ಮೊದಲನೆಯದನ್ನು ಕೇಳಿದವರು ಎರಡನೆಯದನ್ನು ಕೇಳಿದರೆ ಎರಡೂ ಒಬ್ಬರದೇ ರಚನೆಯೆಂದು ಒಪ್ಪುವುದು ಕಷ್ಟ. ಈ ಎರಡು ದಿನಾಂಕಗಳ ನಡುವೆ ಇರುವ ಏಳು ವರ್ಷಗಳಿಗೂ ಮಿಕ್ಕಿದ ಅವಧಿಯೇ ಈ ಅಧ್ಯಯನದ ವಿಷಯ. ಹೆಸರು ಮಾಡಿದ ಸಂಯೋಜಕರೊಬ್ಬರು ತಮ್ಮ ಬರವಣಿಗೆಯನ್ನು ತಾವೇ ನಿಲ್ಲಿಸಿ, ಸ್ವರ ಎಂದರೇನು ಎಂಬುದನ್ನು ಮೊದಲಿನಿಂದ ಕಲಿತದ್ದು ಹೇಗೆ, ಮತ್ತು ಆ ಕಲಿಕೆಯಿಂದ ಹೊರಬಂದದ್ದು ಏನು ಎಂಬುದನ್ನು ಇಲ್ಲಿ ಬಿಡಿಸಿ ನೋಡಲಾಗಿದೆ.

ಈ ಮೌನಕ್ಕೆ ಸಾಮಾನ್ಯವಾಗಿ ಎರಡು ವಿವರಣೆಗಳು ಸಿಗುತ್ತವೆ. ಸೋವಿಯತ್ ಆಡಳಿತ ಅವರ ಬಾಯಿ ಮುಚ್ಚಿಸಿತು ಎಂಬುದು ಒಂದು. ಜಟಿಲವಾದ ಆಧುನಿಕ ಸಂಗೀತದಿಂದ ಬೇಸತ್ತು, ಧಾರ್ಮಿಕ ಶ್ರದ್ಧೆಯ ಬಲದಿಂದ ಅವರು ಸರಳತೆಯತ್ತ ತಿರುಗಿದರು ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಆಡಳಿತದ ಒತ್ತಡವೊಂದೇ ಕಾರಣವಾಗಿದ್ದರೆ ಮೌನ ಮುಗಿದ ಮೇಲೆ ಅವರು ಹಳೆಯ ಶೈಲಿಗೇ ಮರಳಬಹುದಿತ್ತು. ಶ್ರದ್ಧೆಯೊಂದೇ ಕಾರಣವಾಗಿದ್ದರೆ ಹೊಸ ಸಂಗೀತ ಇಷ್ಟು ಬಿಗಿಯಾದ ಲೆಕ್ಕಾಚಾರದಿಂದ ಹುಟ್ಟಬೇಕಾದ ಅಗತ್ಯವಿರಲಿಲ್ಲ. ಕೃತಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗ ನನಗೆ ಕಾಣುವುದು ಬೇರೆ. ಪ್ಯಾರ್ಟ್ ನಿಯಮವನ್ನು ಬಿಡಲಿಲ್ಲ, ಎರವಲು ತಂದ ದನಿಗಳನ್ನು ಬಿಟ್ಟರು. 1960ರ ದಶಕದಲ್ಲಿ ಅವರನ್ನು ನಡೆಸುತ್ತಿದ್ದ ಗಣಿತನಿಷ್ಠ ಶಿಸ್ತು 1976ರ ನಂತರವೂ ಹಾಗೆಯೇ ಉಳಿಯಿತು. ಆ ಶಿಸ್ತು ಕೆಲಸ ಮಾಡುವ ಸಾಮಗ್ರಿ ಮಾತ್ರ ಪೂರ್ತಿ ಬದಲಾಯಿತು.

ಹಿನ್ನೆಲೆ

ಪ್ಯಾರ್ಟ್ ಹುಟ್ಟಿದ್ದು 1935ರ ಸೆಪ್ಟೆಂಬರ್ 11ರಂದು, ಎಸ್ಟೋನಿಯಾದ ಪೈಡೆ ಎಂಬ ಸಣ್ಣ ಊರಿನಲ್ಲಿ. ತಂದೆ ತಾಯಿ ಬೇರೆಯಾದ ಮೇಲೆ ತಾಯಿಯೊಂದಿಗೆ ರಾಕ್ವೆರೆ ಎಂಬಲ್ಲಿಗೆ ಬಂದರು. ಆ ಮನೆಯಲ್ಲಿ ಒಂದು ಪಿಯಾನೋ ಇತ್ತು, ಆದರೆ ಅದರ ನಡುವಿನ ಸ್ಥಾಯಿ ಕೆಟ್ಟುಹೋಗಿತ್ತು. ಹಾಗಾಗಿ ಹುಡುಗನ ಮೊದಲ ಪ್ರಯೋಗಗಳೆಲ್ಲ ತೀರ ಮೇಲಿನ ಮತ್ತು ತೀರ ಕೆಳಗಿನ ಮನೆಗಳ ಮೇಲೆಯೇ ನಡೆದವು. ಬಾಲ್ಯದ ಇಂಥ ಸಂಗತಿಗಳಿಗೆ ಮುಂದಿನ ಸಾಧನೆಯನ್ನೆಲ್ಲ ಗಂಟು ಹಾಕುವುದು ತಪ್ಪು. ಆದರೂ ಕೆಳಗೆ ಒಂದು ಆಳವಾದ ಸ್ವರ, ಎಷ್ಟೋ ಮೇಲೆ ಇನ್ನೆರಡು ಸ್ವರ, ನಡುವೆ ಬಯಲು ಎಂಬ ‘ಫ್ಯೂರ್ ಅಲೀನಾ’ದ ವಿನ್ಯಾಸವನ್ನು ಕೇಳುವಾಗ ಆ ಕೆಟ್ಟ ಪಿಯಾನೋ ನೆನಪಾಗದೆ ಇರದು. ರಾಕ್ವೆರೆಯ ಮಾರುಕಟ್ಟೆ ಚೌಕದಲ್ಲಿ ಕಂಬವೊಂದಕ್ಕೆ ಧ್ವನಿವರ್ಧಕ ಕಟ್ಟಿದ್ದರು. ಅದರಲ್ಲಿ ವಾದ್ಯವೃಂದದ ಕಛೇರಿ ಪ್ರಸಾರವಾಗುವಾಗ ಹುಡುಗ ಸೈಕಲ್ ಮೇಲೆ ಕಂಬವನ್ನು ಸುತ್ತುತ್ತ ಕೇಳುತ್ತಿದ್ದ. ಇಂದು ಆ ಚೌಕದಲ್ಲಿ ಸೈಕಲ್ ಹಿಡಿದು ನಿಂತು ಸಂಗೀತ ಕೇಳುತ್ತಿರುವ ಹುಡುಗನ ಪ್ರತಿಮೆಯಿದೆ.

1940ರಲ್ಲಿ ಎಸ್ಟೋನಿಯಾ ಸೋವಿಯತ್ ಒಕ್ಕೂಟದ ವಶವಾಯಿತು. ನಡುವಿನ ಜರ್ಮನ್ ಆಕ್ರಮಣದ ಕಾಲವನ್ನು ಬಿಟ್ಟರೆ ಪ್ಯಾರ್ಟ್ ಅವರ ಓದು, ದುಡಿಮೆ, ಮನ್ನಣೆ ಎಲ್ಲವೂ ಆ ವ್ಯವಸ್ಥೆಯೊಳಗೇ ನಡೆದವು. ಸೇನೆಯ ಬ್ಯಾಂಡಿನಲ್ಲಿ ಓಬೋ ಮತ್ತು ತಾಳವಾದ್ಯಗಳನ್ನು ನುಡಿಸಿದರು. ಟ್ಯಾಲಿನ್ ಸಂಗೀತ ಮಹಾವಿದ್ಯಾಲಯದಲ್ಲಿ ಸಂಯೋಜಕ ಹೈನೊ ಎಲ್ಲರ್ ಅವರ ಶಿಷ್ಯರಾಗಿ 1963ರಲ್ಲಿ ಪದವಿ ಪಡೆದರು. ಓದುತ್ತಿರುವಾಗಲೇ ಎಸ್ಟೋನಿಯಾ ರೇಡಿಯೋದಲ್ಲಿ ಧ್ವನಿಮುದ್ರಣದ ಕೆಲಸಕ್ಕೆ ಸೇರಿ 1967ರವರೆಗೂ ಅಲ್ಲಿದ್ದರು. ದಿನವಿಡೀ ಬೇರೆಯವರ ಸಂಗೀತವನ್ನು ಕಿವಿಗೊಟ್ಟು ಕೇಳಿ, ಯಾವ ದನಿ ಎಷ್ಟು ಹೊತ್ತು ಉಳಿಯುತ್ತದೆ, ಹೇಗೆ ಆರುತ್ತದೆ ಎಂದು ಗಮನಿಸುವುದೇ ಆ ಉದ್ಯೋಗ. ಅವರ ಮುಂದಿನ ಕೃತಿಗಳಲ್ಲಿ ಸ್ವರದ ಅಳಿವಿಗೆ ಅದರ ಹುಟ್ಟಿನಷ್ಟೇ ಬೆಲೆಯಿರುವುದಕ್ಕೆ ಈ ವರ್ಷಗಳೂ ಕಾರಣವಿರಬೇಕೆಂದು ನನಗನ್ನಿಸುತ್ತದೆ.

1960ರಲ್ಲಿ ಬರೆದ ‘ನೆಕ್ರೊಲಾಗ್’ ಎಸ್ಟೋನಿಯಾದ ಮೊದಲ ಹನ್ನೆರಡು ಸ್ವರ ಪದ್ಧತಿಯ ಕೃತಿ. ಸ್ಥಾಯಿಯೊಳಗಿನ ಹನ್ನೆರಡು ಸ್ವರಸ್ಥಾನಗಳನ್ನೂ ಒಂದು ಗೊತ್ತಾದ ಸಾಲಿನಲ್ಲಿ ಜೋಡಿಸಿ, ಯಾವುದಕ್ಕೂ ಆಧಾರ ಷಡ್ಜದ ಪಟ್ಟ ಕೊಡದೆ ನಡೆಯುವ ಈ ಪದ್ಧತಿ ಸೋವಿಯತ್ ಒಕ್ಕೂಟದಲ್ಲಿ ಪಶ್ಚಿಮದ ಕೊಳೆತ ಮಾದರಿಯೆಂಬ ಅಪಖ್ಯಾತಿ ಪಡೆದಿತ್ತು. ಸಂಯೋಜಕರ ಒಕ್ಕೂಟದ ಮುಖ್ಯಸ್ಥ ಟಿಖೊನ್ ಖ್ರೆನ್ನಿಕೊವ್ ಅವರು ಈ ಕೃತಿಯನ್ನು ಬಹಿರಂಗವಾಗಿ ಟೀಕಿಸಿದರು. ಆದರೆ 1962ರಲ್ಲಿ ಮಕ್ಕಳ ಗಾಯನಕೃತಿ ‘ಮೆಯೆ ಐದ್’ ಮತ್ತು ಇನ್ನೊಂದು ದೊಡ್ಡ ಗಾಯನಕೃತಿಗಾಗಿ ಮಾಸ್ಕೋದ ಯುವ ಸಂಯೋಜಕರ ಸ್ಪರ್ಧೆಯಲ್ಲಿ ಅವರಿಗೇ ಬಹುಮಾನ ಬಂತು. ಒಂದು ಕಡೆ ಛೀಮಾರಿ, ಇನ್ನೊಂದು ಕಡೆ ಸನ್ಮಾನ. ಈ ಕಾರಣದಿಂದ ಪ್ಯಾರ್ಟ್ ಅವರನ್ನು ಆಡಳಿತ ತುಳಿದ ಕಲಾವಿದ ಎಂದಷ್ಟೇ ಹೇಳಿ ಮುಗಿಸಲಾಗದು. ಅವರಿಗೆ ಕೆಲಸವಿತ್ತು, ಹೆಸರಿತ್ತು, ಜಾಣತನದಿಂದ ನಡೆದುಕೊಂಡಿದ್ದರೆ ಮುಂದೆಯೂ ಇರುತ್ತಿತ್ತು.

1963ರ ‘ಪರ್ಪೆಟ್ಯುಮ್ ಮೊಬಿಲೆ’ ಈ ಅಧ್ಯಯನದ ಮಟ್ಟಿಗೆ ಮುಖ್ಯವಾದ ಸಾಕ್ಷ್ಯ. ಅದರಲ್ಲಿ ಪ್ರತಿ ವಾದ್ಯವೂ ತನ್ನ ಪಾಲಿಗೆ ಬಂದ ಸ್ವರವನ್ನು ತನ್ನದೇ ಲಯದಲ್ಲಿ ಮತ್ತೆಮತ್ತೆ ನುಡಿಸುತ್ತದೆ. ಒಂದರ ಮೇಲೊಂದು ವಾದ್ಯ ಸೇರಿ ಶಬ್ದದ ಅಲೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಆರಂಭದಲ್ಲಿ ನಿಯಮವೊಂದನ್ನು ಇಟ್ಟರೆ ಕೃತಿ ತಾನಾಗಿ ತನ್ನ ಕೊನೆಯನ್ನು ತಲುಪುತ್ತದೆ. ಈ ಗುಣವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಎರವಲಿನ ಬಿಕ್ಕಟ್ಟು

ನಂತರದ ನಾಲ್ಕೈದು ವರ್ಷಗಳಲ್ಲಿ ಅವರು ಹಳೆಯ ಸಂಗೀತದ ತುಣುಕುಗಳನ್ನು ತಮ್ಮ ಕರ್ಕಶ ಆಧುನಿಕ ಸ್ವರಸಮೂಹಗಳ ನಡುವೆ ಅಂಟಿಸುವ ಕೊಲಾಜ್ ವಿಧಾನಕ್ಕೆ ಇಳಿದರು. 1964ರಲ್ಲಿ ಹದಿನೆಂಟನೆಯ ಶತಮಾನದ ಜರ್ಮನ್ ಸಂಯೋಜಕ ಬಾಖ್ ಅವರ ಹೆಸರಿನ ಅಕ್ಷರಗಳನ್ನೇ ಸ್ವರಗಳಾಗಿ ಬಳಸಿದ ಕೊಲಾಜ್ ಬಂತು. 1966ರ ಎರಡನೆಯ ಸಿಂಫನಿಯಲ್ಲಿ ಮಕ್ಕಳ ಕೀಚು ಆಟಿಕೆಗಳು ಸದ್ದು ಮಾಡುತ್ತವೆ. ಕೊನೆಯಲ್ಲಿ ಆ ಗದ್ದಲದ ನಡುವಿನಿಂದ ಚೈಕೊವ್‌ಸ್ಕಿ ಮಕ್ಕಳಿಗಾಗಿ ಬರೆದ ಪುಟ್ಟ ಪಿಯಾನೋ ರಚನೆಯೊಂದು ಮೇಲೇಳುತ್ತದೆ. ಈ ಕೃತಿಗಳಲ್ಲಿ ಒಂದು ನೋವಿದೆ. ತನ್ನ ಕಾಲದ ಭಾಷೆಯಲ್ಲಿ ಸುಂದರವಾದದ್ದನ್ನು ಹೇಳಲಾರದೆ, ಸೌಂದರ್ಯ ಬೇಕೆನಿಸಿದಾಗಲೆಲ್ಲ ಬೇರೆಯವರ ಮನೆಯ ಬಾಗಿಲು ತಟ್ಟಬೇಕಾದವನ ನೋವು ಅದು.

‘ಕ್ರೆಡೊ’ ಇದರ ತುತ್ತತುದಿ. ಬಾಖ್ ಅವರ ಸಿ ಮೇಜರ್ ಪ್ರಿಲ್ಯೂಡ್ ಎಂಬ, ಕೀಲಿಮಣೆ ವಾದ್ಯಕ್ಕೆ ಬರೆದ ಪುಟ್ಟ ರಚನೆ ಇದರ ತಳಹದಿ. ‘ಯೇಸು ಕ್ರಿಸ್ತನನ್ನು ನಂಬುತ್ತೇನೆ’ ಎಂಬ ಲ್ಯಾಟಿನ್ ಸಾಲಿನೊಂದಿಗೆ ಅದು ತೆರೆದುಕೊಳ್ಳುತ್ತದೆ. ಬಳಿಕ ಮತ್ತಾಯನ ಸುವಾರ್ತೆಯ ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಎಂಬ ಮಾತು ಬಂದಾಗ ಪಂಚಮದಿಂದ ಪಂಚಮಕ್ಕೆ ಜಿಗಿಯುತ್ತ ಹೋಗುವ ಹನ್ನೆರಡು ಸ್ವರಗಳ ಸಾಲು ಬೆಳೆದು, ಉಬ್ಬಿ, ಕೊನೆಗೆ ಎಲ್ಲ ವಾದ್ಯಗಳೂ ಎಲ್ಲ ಕಂಠಗಳೂ ಕೂಗಾಡುವ ಗೊಂದಲವಾಗುತ್ತದೆ. ಕೇಡನ್ನು ಎದುರಿಸಬೇಡಿರಿ ಎಂಬ ಕ್ರಿಸ್ತನ ಮಾತು ಬಂದಾಗ ಗದ್ದಲ ಕುಸಿದು ಬಾಖ್ ಅವರ ಶುದ್ಧ ಮೇಜರ್ ಸ್ವರಗಳು ಮರಳುತ್ತವೆ. ನಾಸ್ತಿಕತೆಯನ್ನು ರಾಜ್ಯನೀತಿಯಾಗಿಸಿಕೊಂಡ ದೇಶದಲ್ಲಿ, ಪ್ರಾಗ್ ನಗರಕ್ಕೆ ಸೋವಿಯತ್ ಟ್ಯಾಂಕುಗಳು ನುಗ್ಗಿ ಮೂರು ತಿಂಗಳೂ ಕಳೆದಿರದಿದ್ದಾಗ, ಸಂಯೋಜಕರ ಸಂಘದ ಒಪ್ಪಿಗೆಯಿಲ್ಲದೆ ವಾದ್ಯವೃಂದ ನಿರ್ದೇಶಕ ನೀಮೆ ಯಾರ್ವಿ ಇದನ್ನು ನಿರ್ದೇಶಿಸಿದರು. ಪರಿಣಾಮ ಊಹಿಸಿದಂತೆಯೇ ಆಯಿತು. ವಿಚಾರಣೆಗಳು ನಡೆದವು, ಕೃತಿ ಮತ್ತೆ ವೇದಿಕೆ ಕಾಣದಂತಾಯಿತು, ಪ್ಯಾರ್ಟ್ ಅವರಿಗೆ ಬರುತ್ತಿದ್ದ ಅವಕಾಶಗಳು ಬತ್ತಿದವು.

ಆದರೆ ಹೊರಗಿನ ಈ ಏಟು ಬೀಳುವ ಹೊತ್ತಿಗೆ ಒಳಗಿನ ದಾರಿಯೂ ಮುಗಿದಿತ್ತು. ‘ಕ್ರೆಡೊ’ವನ್ನು ಗಮನವಿಟ್ಟು ಕೇಳಿದರೆ ಇದು ತಿಳಿಯುತ್ತದೆ. ಅದರಲ್ಲಿ ಹಿಂಸೆಯ ಭಾಗವೆಲ್ಲ ಪ್ಯಾರ್ಟ್ ಅವರದು, ಶಾಂತಿಯ ಭಾಗ ಬಾಖ್ ಅವರದು. ಶಾಂತಿಯನ್ನು ಸ್ವಂತ ಸ್ವರದಲ್ಲಿ ಬರೆಯಲು ತನಗೆ ಬರುವುದಿಲ್ಲ ಎಂಬ ತೀರ್ಮಾನವನ್ನು ಆ ಕೃತಿಯೇ ಸಾರಿ ಹೇಳುತ್ತಿದೆ. ಅಲ್ಲಿಂದ ಮುಂದೆ ಅದೇ ಬಗೆಯ ಇನ್ನೊಂದು ಕೃತಿ ಬರೆಯುವುದರಲ್ಲಿ ಅರ್ಥವಿರಲಿಲ್ಲ.

ಮೌನದೊಳಗಿನ ಕೆಲಸ

ಮೌನ ಎಂಬ ಪದವನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಹೊಟ್ಟೆಪಾಡಿಗಾಗಿ ಅವರು ಈ ಅವಧಿಯಲ್ಲಿ ಚಲನಚಿತ್ರಗಳಿಗೆ ಸಂಗೀತ ಬರೆದರು. 1971ರಲ್ಲಿ ಮೂರನೆಯ ಸಿಂಫನಿ ಬಂತು. ಮಧ್ಯಯುಗದ ರಾಗಸಂಚಾರಗಳ ನೆರಳು ಅದರ ತುಂಬ ಇದೆ. 1973ರಲ್ಲಿ ಬರೆದ ಒಂದು ಗಾಯನಕೃತಿಯನ್ನು ಅವರೇ ನಂತರ ಹಿಂತೆಗೆದುಕೊಂಡರು. ಹಾಗಾಗಿ ಇದು ಲೇಖನಿ ಕೆಳಗಿಟ್ಟ ಮೌನವಾಗಿರಲಿಲ್ಲ. ಬರೆದದ್ದರಲ್ಲಿ ತನ್ನದು ಎನ್ನಬಹುದಾದದ್ದು ಸಿಗದೆ ಹೋದ ಮೌನವಾಗಿತ್ತು.

ನಿಜವಾದ ಕೆಲಸ ನಡೆದದ್ದು ನೋಟ್‌ಬುಕ್ಕುಗಳಲ್ಲಿ. ಮಧ್ಯಯುಗದ ಕ್ರೈಸ್ತ ಚರ್ಚಿನ ಗ್ರೆಗೋರಿಯನ್ ಪ್ರಾರ್ಥನಾಗಾಯನವನ್ನು ಕೇಳಿದಾಗ ಅವರಿಗೆ ಹೊಳೆದದ್ದೇನೆಂದರೆ, ಸ್ವರಮೇಳದ ಆಸರೆಯಿಲ್ಲದೆ, ವಾದ್ಯದ ವೈಭವವಿಲ್ಲದೆ, ಒಂದೇ ಸಾಲಿನ ಸ್ವರ ತನ್ನ ಕಾಲ ಮೇಲೆ ತಾನು ನಿಲ್ಲಬಲ್ಲದು ಎಂಬುದು. ರಾಗಸಂಗೀತದಲ್ಲಿ ಬೆಳೆದ ಕಿವಿಗೆ ಇದರಲ್ಲಿ ಹೊಸತೇನೂ ಕಾಣದಿರಬಹುದು. ಆದರೆ ಅನೇಕ ಸ್ವರಗಳು ಏಕಕಾಲಕ್ಕೆ ನುಡಿಯುವುದನ್ನೇ ಸಂಗೀತವೆಂದು ನಂಬಿಕೊಂಡು ಬಂದ ಪರಂಪರೆಯೊಳಗಿನ ಒಬ್ಬ ವೃತ್ತಿಪರ ಸಂಯೋಜಕ, ಮೂವತ್ತು ದಾಟಿದ ಮೇಲೆ, ತನಗೆ ಒಂದು ಸಾಲು ಬರೆಯಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ಅವರು ಕೈಗೊಂಡ ಅಭ್ಯಾಸ ಹೀಗಿತ್ತು. ಬೈಬಲ್ಲಿನ ಕೀರ್ತನೆಗಳಲ್ಲಿ ಒಂದನ್ನು ಓದುವುದು. ಓದಿ ಮುಗಿದೊಡನೆ, ಯೋಚನೆಗೆ ಎಡೆಕೊಡದೆ, ಆ ಓದಿನಿಂದ ಮನಸ್ಸಿನಲ್ಲಿ ಉಳಿದದ್ದನ್ನು ಒಂದೇ ಸಾಲಿನ ಸ್ವರವಾಗಿ ಬರೆಯುವುದು. ಮುಂದಿನ ಕೀರ್ತನೆ, ಮುಂದಿನ ಸಾಲು. ಹೀಗೆ ಪುಟದ ಮೇಲೆ ಪುಟ ತುಂಬಿತು. ಹಾರುವ ಹಕ್ಕಿಗಳ ಗೆರೆಯನ್ನು ಚಿತ್ರಿಸಿ, ಆ ಗೆರೆ ಏರಿದಲ್ಲಿ ಏರುವ, ಇಳಿದಲ್ಲಿ ಇಳಿಯುವ ಸ್ವರಗಳನ್ನೂ ಬರೆದರು. ಇವು ಯಾವುವೂ ಕೃತಿಗಳಾಗಿರಲಿಲ್ಲ, ಪ್ರದರ್ಶನಕ್ಕಾಗಿಯೂ ಅಲ್ಲ. ಅಕ್ಷರ ತಿದ್ದುವ ಮಗು ಪಾಟಿಯ ಮೇಲೆ ಬರೆದು ಬರೆದು ಅಳಿಸಿದಂತೆ, ಕೈಗೂ ಕಿವಿಗೂ ಹೊಸ ಅಭ್ಯಾಸ ಹತ್ತುವವರೆಗೆ ಅವರು ತಿದ್ದಿದರು. ಜೊತೆಗೆ ಮಧ್ಯಯುಗ ಮತ್ತು ಪುನರುಜ್ಜೀವನ ಕಾಲದ ಸಂಯೋಜಕರನ್ನು, ಮಷೊ, ಒಕೆಗೆಮ್, ಜಾಸ್ಕನ್ ಮುಂತಾದವರನ್ನು ಅಭ್ಯಸಿಸಿದರು. 1972ರಲ್ಲಿ ಟ್ಯಾಲಿನ್‌ನಲ್ಲಿ ಆಂದ್ರೆಸ್ ಮುಸ್ಟೊನೆನ್ ಕಟ್ಟಿದ ‘ಹಾರ್ಟಸ್ ಮ್ಯೂಸಿಕಸ್’ ಎಂಬ ಪ್ರಾಚೀನ ಸಂಗೀತದ ತಂಡ ಈ ಹಳೆಯ ಸಂಗೀತವನ್ನು ಜೀವಂತವಾಗಿ ಕೇಳುವ ಅವಕಾಶ ಒದಗಿಸಿತು. ಅದೇ ವರ್ಷ ಅವರು ನೋರಾ ಅವರನ್ನು ಮದುವೆಯಾದರು. ಲೂಥರನ್ ಹಿನ್ನೆಲೆಯಿಂದ ಆರ್ಥೊಡಾಕ್ಸ್ ಚರ್ಚಿಗೆ ಸೇರಿದ್ದೂ ಅದೇ ವರ್ಷ.

ಆ ದಿನಗಳ ಒಂದು ಘಟನೆಯನ್ನು ಪ್ಯಾರ್ಟ್ ಮುಂದೆ ನೆನಪಿಸಿಕೊಂಡಿದ್ದಾರೆ. ಬೀದಿ ಗುಡಿಸುತ್ತಿದ್ದವನೊಬ್ಬನನ್ನು, ಸಂಯೋಜಕ ಸಂಗೀತವನ್ನು ಹೇಗೆ ಬರೆಯಬೇಕು ಎಂದು ಅವರು ಕೇಳಿದರಂತೆ. ಆತ ಸ್ವಲ್ಪ ಯೋಚಿಸಿ, ಪ್ರತಿಯೊಂದು ಸ್ವರವನ್ನೂ ಪ್ರೀತಿಸಬೇಕಾಗುತ್ತದೆಯೇನೋ ಎಂಬ ಅರ್ಥದ ಉತ್ತರ ಕೊಟ್ಟನಂತೆ. ಸಂಗೀತಶಾಲೆಯಲ್ಲಿ ಯಾರೂ ತಮಗೆ ಹಾಗೆ ಹೇಳಿರಲಿಲ್ಲ ಎಂಬುದನ್ನು ಅವರು ಮರೆಯಲಿಲ್ಲ. ಸ್ವರವನ್ನು ಸಾಲಿನಲ್ಲಿ ಒಂದು ಅಂಕಿಯಂತೆ ಬಳಸಿದವನಿಗೆ ಈ ಮಾತು ಎಷ್ಟು ಆಳಕ್ಕೆ ಇಳಿದಿರಬಹುದು!

ಎರಡು ಪುಟ

‘ಫ್ಯೂರ್ ಅಲೀನಾ’ ಎಂದರೆ ಅಲೀನಾಳಿಗಾಗಿ ಎಂದರ್ಥ. ಪರಿಚಿತರ ಕುಟುಂಬವೊಂದರ ಮಗಳು ಓದಿಗಾಗಿ ಇಂಗ್ಲೆಂಡಿಗೆ ಹೋಗಿದ್ದಳು. ಇತ್ತ ಒಬ್ಬಂಟಿಯಾಗಿ ಉಳಿದ ತಾಯಿಯ ಸಮಾಧಾನಕ್ಕೆ ಈ ಪುಟ್ಟ ಕೃತಿ. ಇದರಲ್ಲಿ ತಾಳದ ಗುರುತಿಲ್ಲ. ಮೊದಲಿಗೆ ಪಿಯಾನೋದ ತೀರ ಕೆಳಗೆ ಆಧಾರ ಸ್ವರವನ್ನು ಒತ್ತಿ, ಕಾಲಿನ ಪೆಡಲ್ ತುಳಿದು, ಆ ನಾದ ಕೋಣೆಯಲ್ಲಿ ಹರಡಲು ಬಿಡುತ್ತಾರೆ. ನಂತರ ಬಹಳ ಮೇಲಿನ ಸ್ಥಾಯಿಯಲ್ಲಿ ಎರಡೂ ಕೈಗಳು ಜೊತೆಜೊತೆಯಾಗಿ ಒಂದೊಂದೇ ಸ್ವರ ನುಡಿಸುತ್ತವೆ. ಎರಡು ಸ್ವರಗಳ ಒಂದು ಸಣ್ಣ ಪಂಕ್ತಿ, ಬಿಡುವು; ಮೂರರದು, ಬಿಡುವು; ಹೀಗೆ ಎಂಟರವರೆಗೆ ಬೆಳೆದು ಮತ್ತೆ ಕಿರಿದಾಗುತ್ತ ಬರುತ್ತದೆ.

ಇದರ ಒಳಗುಟ್ಟನ್ನು ನಮ್ಮ ಸ್ವರಗಳ ಹೆಸರಿನಲ್ಲೇ ಹೇಳಬಹುದು. ಕೃತಿ ಬಿ ಮೈನರ್‌ನಲ್ಲಿದೆ. ಸ್ವರಸ್ಥಾನಗಳ ಮಟ್ಟಿಗೆ ನಟಭೈರವಿಯ ಸಪ್ತಕವೇ ಅದು. ಬಲಗೈ ಈ ಏಳು ಸ್ವರಗಳಲ್ಲಿ ಎಲ್ಲಿ ಬೇಕಾದರೂ ಸಂಚರಿಸಬಹುದು. ಎಡಗೈಗೆ ಇರುವುದು ಷಡ್ಜ, ಗಾಂಧಾರ, ಪಂಚಮ ಎಂಬ ಮೂರೇ ಸ್ವರಗಳು. ಬಲಗೈ ನುಡಿಸುವ ಸ್ವರಕ್ಕೆ ಕೆಳಗಿನಿಂದ ಅತಿ ಹತ್ತಿರವಾದದ್ದು ಈ ಮೂರರಲ್ಲಿ ಯಾವುದೋ ಅದನ್ನೇ ಎಡಗೈ ನುಡಿಸಬೇಕು. ಬಲಗೈ ರಿಷಭದಲ್ಲಿದ್ದರೆ ಎಡಗೈ ಷಡ್ಜದಲ್ಲಿ, ಮಧ್ಯಮದಲ್ಲಿದ್ದರೆ ಗಾಂಧಾರದಲ್ಲಿ, ಧೈವತ ನಿಷಾದಗಳಲ್ಲಿದ್ದರೆ ಪಂಚಮದಲ್ಲಿ. ಆಯ್ಕೆಯ ಮಾತೇ ಇಲ್ಲ. ಒಂದು ದನಿ ಅಲೆಯುತ್ತದೆ, ಇನ್ನೊಂದು ಅದರ ಕೈ ಹಿಡಿದು ನಡೆಯುತ್ತದೆ. ಪುಟ್ಟ ಗಂಟೆ ಎಂಬರ್ಥದ ಲ್ಯಾಟಿನ್ ಪದದಿಂದ ಪ್ಯಾರ್ಟ್ ಈ ಪದ್ಧತಿಗೆ ‘ಟಿಂಟಿನ್ನಬುಲಿ’ ಎಂದು ಹೆಸರಿಟ್ಟರು. ಎರಡು ದನಿ ಬೇರೆಬೇರೆಯಲ್ಲ, ಸೇರಿ ಒಂದೇ ಎಂಬುದನ್ನು ನೋರಾ ಅವರು ಒಂದು ಕೂಡಿಸು ಒಂದು ಸಮ ಒಂದು ಎಂಬ ಸೂತ್ರದಲ್ಲಿ ಹೇಳಿದರು.

ಇದನ್ನು ತಂಬೂರಿಯ ಶ್ರುತಿಗೆ ಹೋಲಿಸುವ ಮನಸ್ಸಾಗುವುದು ಸಹಜ, ಆದರೆ ಹೋಲಿಕೆ ಅರ್ಧದವರೆಗಷ್ಟೇ ನಡೆಯುತ್ತದೆ. ತಂಬೂರಿ ಹಾಡುಗಾರನ ಸಂಚಾರಕ್ಕೆ ಓಗೊಡುವುದಿಲ್ಲ. ಅವನು ಎಲ್ಲಿಗೆ ಹೋದರೂ ಅದು ತನ್ನ ಪಾಡಿಗೆ ತಾನು ಮೀಟುತ್ತಿರುತ್ತದೆ. ಇಲ್ಲಿನ ಎರಡನೆಯ ದನಿ ಪ್ರತಿ ಹೆಜ್ಜೆಗೂ ಓಗೊಡುತ್ತದೆ. ಹಾಗೆ ಓಗೊಡುವಾಗ ಸಂಗಾತಿ ರಿಷಭ ಅಥವಾ ಮಧ್ಯಮದಂಥ ಸ್ವರದಲ್ಲಿದ್ದರೆ ಎರಡು ಸ್ವರಗಳ ನಡುವೆ ಸಣ್ಣ ಘರ್ಷಣೆ ಹುಟ್ಟುತ್ತದೆ, ಮುಂದಿನ ಹೆಜ್ಜೆಯಲ್ಲಿ ಅದು ಕರಗುತ್ತದೆ. ಕೇಳುಗನಿಗೆ ಗಂಟೆಯ ಅನುರಣನದಂತೆ ಅನಿಸುವುದು ಈ ಘರ್ಷಣೆ ಮತ್ತು ಕರಗುವಿಕೆಯೇ.

ಸ್ವರಲಿಪಿಯನ್ನು ಮುಂದಿಟ್ಟುಕೊಂಡು ಕುಳಿತಾಗ ನನ್ನ ಕಣ್ಣು ಹೋಗಿ ನಿಲ್ಲುವುದು ಹನ್ನೊಂದನೆಯ ಪಂಕ್ತಿಯಲ್ಲಿ. ಅಲ್ಲಿ, ಇಡೀ ಕೃತಿಯಲ್ಲಿ ಒಂದೇ ಒಂದು ಸಲ, ಎಡಗೈ ತನ್ನ ಮೂರು ಸ್ವರಗಳನ್ನು ಬಿಟ್ಟು ರಿಷಭಕ್ಕೆ ಹೋಗುತ್ತದೆ. ಆ ಸ್ವರದ ಬಳಿ ಪ್ಯಾರ್ಟ್ ಒಂದು ಪುಟ್ಟ ಹೂವು ಬರೆದಿದ್ದಾರೆ. ನಿಯಮವನ್ನು ಒಮ್ಮೆ ಮುರಿಯುವ ಹಕ್ಕು ಸಿಗುವುದು ಅದನ್ನು ಉಳಿದೆಲ್ಲ ಕಡೆ ಪಾಲಿಸಿದವರಿಗೆ. ಹಾಗೆ ಮುರಿದ ಜಾಗವನ್ನು ಅಡಗಿಸದೆ ಹೂವಿಟ್ಟು ತೋರಿಸುವುದು ನಿಯಮವನ್ನು ಪ್ರೀತಿಸಿದವರಿಗೆ ಮಾತ್ರ ಸಾಧ್ಯ. ಮೌನದ ವರ್ಷಗಳು ಅವರಿಗೆ ಏನನ್ನು ಕಲಿಸಿದವೆಂದು ಯಾರಾದರೂ ಕೇಳಿದರೆ ನಾನು ಈ ಹೂವನ್ನು ತೋರಿಸುತ್ತೇನೆ.

ಇನ್ನು ನನ್ನ ವಾದಕ್ಕೆ ಮರಳುವುದಾದರೆ, ‘ಪರ್ಪೆಟ್ಯುಮ್ ಮೊಬಿಲೆ’ಯಲ್ಲಿ ಇದ್ದದ್ದೂ ಇದೇ ಬಗೆಯ ಕಟ್ಟು. ಆರಂಭದಲ್ಲಿ ಇಟ್ಟ ನಿಯಮ, ಏರಿಕೆ, ಇಳಿಕೆ. ಬದಲಾದದ್ದು ಇಷ್ಟೇ: ಅಲ್ಲಿ ನಿಯಮ ಸ್ವರಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಬಿಡಿಸಿಡುತ್ತಿತ್ತು, ಇಲ್ಲಿ ಪ್ರತಿ ಸ್ವರಕ್ಕೂ ಜೊತೆ ಕಲ್ಪಿಸುತ್ತಿದೆ.

1977ರ ಫಸಲು

1976ರ ಅಕ್ಟೋಬರ್‌ನಲ್ಲಿ ಹಾರ್ಟಸ್ ಮ್ಯೂಸಿಕಸ್ ತಂಡದ ಕಛೇರಿಯಲ್ಲಿ ಹೊಸ ಕೃತಿಗಳು ಬೆಳಕಿಗೆ ಬಂದವು. ನಂತರ ಕಟ್ಟೆಯೊಡೆದ ನೀರಿನಂತೆ ಒಂದರ ಹಿಂದೊಂದು ಕೃತಿ ಹರಿದುಬಂತು. ‘ಫ್ರಾಟ್ರೆಸ್’, ‘ಸುಮ್ಮಾ’, ‘ಮಿಸ್ಸಾ ಸಿಲಬಿಕಾ’, ‘ತಬುಲಾ ರಾಸಾ’, ‘ಕ್ಯಾಂಟಸ್’ ಎಲ್ಲವೂ 1977ರವೇ. ಇವುಗಳಲ್ಲಿ ‘ಸುಮ್ಮಾ’ ಎಂಬ ತಟಸ್ಥ ಹೆಸರಿನ ಹಿಂದೆ ಅಡಗಿರುವ ಪಠ್ಯ ಕ್ರೈಸ್ತರ ವಿಶ್ವಾಸಪ್ರಮಾಣ, ಅದಕ್ಕೂ ‘ಕ್ರೆಡೊ’ ಎಂದೇ ಹೆಸರು. ಒಂಬತ್ತು ವರ್ಷಗಳ ಹಿಂದೆ ಬಿರುಗಾಳಿ ಎಬ್ಬಿಸಿದ ನಂಬಿಕೆಯ ಮಾತು ಈಗ ಹೆಸರು ಮರೆಸಿಕೊಂಡು ಒಳಬಂದಿತ್ತು.

1976ರ ಡಿಸೆಂಬರ್ 4ರಂದು ತೀರಿಕೊಂಡ ಇಂಗ್ಲಿಷ್ ಸಂಯೋಜಕ ಬೆಂಜಮಿನ್ ಬ್ರಿಟನ್ ಅವರ ನೆನಪಿಗೆ ಬರೆದ ‘ಕ್ಯಾಂಟಸ್’ ಈ ಪದ್ಧತಿಯ ಶಕ್ತಿಯನ್ನು ಚೆನ್ನಾಗಿ ತೋರಿಸುತ್ತದೆ. ತಂತಿವಾದ್ಯಗಳು ಮತ್ತು ಒಂದೇ ಒಂದು ಗಂಟೆ. ಪಿಟೀಲುಗಳು ಎ ಮೈನರ್ ಅವರೋಹಣವನ್ನು ಮೇಲಿನ ಷಡ್ಜದಿಂದ ಆರಂಭಿಸುತ್ತವೆ. ಮೊದಲು ಒಂದು ಸ್ವರ. ಮತ್ತೆ ಮೇಲಿನಿಂದ ಹೊರಟು ಎರಡು. ಮತ್ತೆ ಮೇಲಿನಿಂದ ಮೂರು. ಪ್ರತಿ ಸಲವೂ ಒಂದು ಮೆಟ್ಟಿಲು ಹೆಚ್ಚು ಇಳಿಯುತ್ತ ಹೋಗುತ್ತವೆ. ಇದನ್ನೇ ಎರಡನೆಯ ಗುಂಪು ಅರ್ಧ ವೇಗದಲ್ಲಿ, ಮೂರನೆಯದು ಅದರ ಅರ್ಧದಲ್ಲಿ, ಹೀಗೆ ಐದು ಗುಂಪುಗಳು ಐದು ವೇಗಗಳಲ್ಲಿ ನುಡಿಸುತ್ತವೆ. ಅತಿ ಕೆಳಗಿನ ಡಬಲ್ ಬೇಸ್ ವಾದ್ಯಗಳು ಅತಿ ಮೇಲಿನವುಗಳಿಗಿಂತ 16 ಪಟ್ಟು ನಿಧಾನ. ಸರಳೆವರಸೆಯನ್ನು ಒಂದನೆಯ, ಎರಡನೆಯ, ಮೂರನೆಯ ಕಾಲಗಳಲ್ಲಿ ಹಾಡಿ ಕಲಿತವರು ಆ ಕಾಲಗಳೆಲ್ಲ ಒಟ್ಟಿಗೆ ಕೇಳಿಬಂದರೆ ಹೇಗಿದ್ದೀತೆಂದು ಊಹಿಸಿಕೊಂಡರೆ ಇದರ ರಚನೆ ತಿಳಿಯುತ್ತದೆ. ಸಾಮಗ್ರಿ ಒಂದು ಅವರೋಹಣ ಮಾತ್ರ. ಆದರೆ ಕೇಳಲು ಕುಳಿತವರಿಗೆ ಶೋಕವೇ ಪದರಪದರವಾಗಿ ನೆಲಕ್ಕಿಳಿದಂತಾಗುತ್ತದೆ. ಕೊನೆಯಲ್ಲಿ ಎಲ್ಲ ವಾದ್ಯಗಳೂ ತಮ್ಮತಮ್ಮ ನೆಲೆ ತಲುಪಿ ಗಟ್ಟಿಯಾಗಿ ನಿಂತಿರುವಾಗ ಗಂಟೆಯನ್ನು ಮೆಲ್ಲಗೆ ಬಾರಿಸುತ್ತಾರೆ. ಆ ಹೊಡೆತ ಯಾರಿಗೂ ಕೇಳುವುದಿಲ್ಲ. ತಂತಿಗಳು ತಟ್ಟನೆ ನಿಂತ ಮೇಲೆ, ಅಲ್ಲಿಯವರೆಗೆ ಮರೆಯಲ್ಲಿದ್ದ ಗಂಟೆಯ ನಾದ ಗಾಳಿಯಲ್ಲಿ ತೇಲಿಬರುತ್ತದೆ. ಅದರ ಉಪಸ್ವರಗಳಲ್ಲಿ ಮೇಜರ್ ಗಾಂಧಾರದ, ಅಂದರೆ ನಮ್ಮ ಅಂತರ ಗಾಂಧಾರದ, ಎಳೆಯೊಂದು ಕೇಳಿಸುತ್ತದೆ. ಧ್ವನಿಮುದ್ರಣದ ಕೋಣೆಯಲ್ಲಿ ವರ್ಷಗಟ್ಟಲೆ ಕುಳಿತ ಕಿವಿಯೇ ಇದನ್ನು ಬರೆದಿರಬೇಕು.

‘ತಬುಲಾ ರಾಸಾ’ವನ್ನು ಎರಡು ಪಿಟೀಲು, ತಂತಿಗಳ ನಡುವೆ ವಸ್ತುಗಳನ್ನು ಸಿಕ್ಕಿಸಿ ನಾದ ಬದಲಿಸಿದ ಪಿಯಾನೋ ಮತ್ತು ತಂತಿವಾದ್ಯಗಳಿಗೆ ಬರೆಯಲಾಯಿತು. ಸ್ವರಲಿಪಿ ಕೈಗೆ ಬಂದಾಗ ಕಲಾವಿದರು, ಇದರಲ್ಲಿ ಸಂಗೀತ ಎಲ್ಲಿದೆ ಎಂದು ಕೇಳಿದರಂತೆ. ಪುಟಗಳು ಅಷ್ಟು ಖಾಲಿಯಾಗಿದ್ದವು. 1977ರ ಸೆಪ್ಟೆಂಬರ್ 30ರಂದು ಟ್ಯಾಲಿನ್‌ನಲ್ಲಿ ಎರಿ ಕ್ಲಾಸ್ ನಿರ್ದೇಶನದಲ್ಲಿ, ಗಿಡಾನ್ ಕ್ರೆಮರ್ ಮತ್ತು ಟಟಿಯಾನಾ ಗ್ರಿಂಡೆಂಕೊ ಅವರ ಪಿಟೀಲು, ಸಂಯೋಜಕ ಆಲ್ಫ್ರೆಡ್ ಶ್ನಿಟ್ಕೆ ಅವರ ಪಿಯಾನೋದೊಂದಿಗೆ ಅದು ಮೊದಲ ಬಾರಿ ಪ್ರಸ್ತುತಗೊಂಡಿತು. ಎರಡನೆಯ ಭಾಗದ ಹೆಸರೇ ‘ಸಿಲೆಂಟಿಯುಮ್’, ಮೌನ. ಅದರ ಕೊನೆಯಲ್ಲಿ ಸ್ವರಗಳು ಒಂದೊಂದಾಗಿ ಕೆಳಗಿಳಿದು, ಷಡ್ಜಕ್ಕೆ ಇನ್ನೊಂದೇ ಮೆಟ್ಟಿಲು ಉಳಿದಿರುವಾಗ ಸಂಗೀತ ನಿಲ್ಲುತ್ತದೆ. ಆ ಷಡ್ಜವನ್ನು ಕೇಳುಗರು ಮೌನದಲ್ಲಿ ತಾವೇ ಕೇಳಿಸಿಕೊಳ್ಳಬೇಕು.

ಗಡಿಯಾಚೆ

ಕೃತಿಗಳು ಹೊರದೇಶಗಳಲ್ಲಿ ಹೆಸರು ಮಾಡತೊಡಗಿದಂತೆ ಆಡಳಿತದ ಅಸಹನೆಯೂ ಹೆಚ್ಚಿತು. 1980ರ ಜನವರಿಯಲ್ಲಿ ಪ್ಯಾರ್ಟ್, ನೋರಾ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳು ರೈಲಿನಲ್ಲಿ ದೇಶ ಬಿಟ್ಟರು. ಗಡಿಯ ಬ್ರೆಸ್ಟ್ ನಿಲ್ದಾಣದಲ್ಲಿ ತಪಾಸಣೆಗೆ ಇಳಿಸಿದಾಗ ಅವರ ಬಳಿ ಇದ್ದದ್ದು ಏಳು ಸೂಟ್‌ಕೇಸು, ಅವುಗಳ ತುಂಬ ಸ್ವರಲಿಪಿ, ರೆಕಾರ್ಡು, ಟೇಪು. ಕಾವಲಿನವರು ಕೇಳೋಣ ಎಂದರಂತೆ. ನಿರ್ಜನವಾದ ಆ ದೊಡ್ಡ ನಿಲ್ದಾಣದಲ್ಲಿ ಪ್ಯಾರ್ಟ್ ಅವರ ರೆಕಾರ್ಡ್ ಪ್ಲೇಯರ್ ಮೇಲೆ ‘ಕ್ಯಾಂಟಸ್’ ಮೊಳಗಿತು, ಬಳಿಕ ‘ಮಿಸ್ಸಾ ಸಿಲಬಿಕಾ’. ಆಮೇಲೆ ಕಾವಲಿನವರ ನಡವಳಿಕೆಯೇ ಮೃದುವಾಯಿತೆಂದು ಪ್ಯಾರ್ಟ್ ಹೇಳಿದ್ದಾರೆ.

ಇಸ್ರೇಲಿಗೆಂದು ಹೊರಟ ಪಯಣ ವಿಯೆನ್ನಾದಲ್ಲಿ ನಿಂತಿತು. ಅಲ್ಲಿನ ಪ್ರಕಾಶನ ಸಂಸ್ಥೆ ಯೂನಿವರ್ಸಲ್ ಎಡಿಷನ್ ಅವರಿಗೆ ಆಸರೆಯಾಯಿತು. 1981ರಲ್ಲಿ ಬರ್ಲಿನ್‌ಗೆ ಹೋದ ಕುಟುಂಬ ಮೂರು ದಶಕ ಅಲ್ಲೇ ನೆಲೆಸಿತು. ಈ ನಡುವೆ ಮ್ಯೂನಿಕ್‌ನ ಇಸಿಎಂ ಧ್ವನಿಮುದ್ರಣ ಸಂಸ್ಥೆಯ ಮ್ಯಾನ್‌ಫ್ರೆಡ್ ಐಷರ್ ರಾತ್ರಿ ಕಾರು ಓಡಿಸುತ್ತಿದ್ದಾಗ ರೇಡಿಯೋದಲ್ಲಿ ‘ತಬುಲಾ ರಾಸಾ’ ಕೇಳಿ, ಹೆದ್ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ ಅದನ್ನು ಕೊನೆಯವರೆಗೆ ಆಲಿಸಿದರು. 1984ರಲ್ಲಿ ಅವರು ಹೊರತಂದ ‘ತಬುಲಾ ರಾಸಾ’ ಆಲ್ಬಮ್ಮೇ ಆ ಸಂಸ್ಥೆಯ ಶಾಸ್ತ್ರೀಯ ಸಂಗೀತದ ಹೊಸ ಮಾಲಿಕೆಗೆ ನಾಂದಿಯಾಯಿತು. ಪ್ಯಾರ್ಟ್ ಅವರ ಹೆಸರು ಜಗತ್ತಿಗೆ ಪರಿಚಯವಾದದ್ದು ಅಲ್ಲಿಂದ.

ಮುಂದಿನ ದಶಕಗಳಲ್ಲಿ ಪಠ್ಯವೇ ಅವರ ನಿಯಮವಾಯಿತು. ಯೋಹಾನನ ಸುವಾರ್ತೆಯನ್ನು ಆಧರಿಸಿದ, ಸುಮಾರು 70 ನಿಮಿಷಗಳ ‘ಪಾಸಿಯೊ’ದಲ್ಲಿ (1982) ಪದದಲ್ಲಿ ಎಷ್ಟು ಅಕ್ಷರಗಳಿವೆ, ವಾಕ್ಯದ ಕೊನೆಯಲ್ಲಿ ಇರುವುದು ಅಲ್ಪವಿರಾಮವೋ ಪೂರ್ಣವಿರಾಮವೋ ಎಂಬುದೇ ಸ್ವರದ ಉದ್ದವನ್ನೂ ಬಿಡುವನ್ನೂ ನಿರ್ಧರಿಸುತ್ತದೆ. ‘ಕಾನೊನ್ ಪೊಕಾಯಾನೆನ್’ ಚರ್ಚ್ ಸ್ಲಾವೊನಿಕ್ ಭಾಷೆಯ ಪಶ್ಚಾತ್ತಾಪದ ಪ್ರಾರ್ಥನೆಗಳಿಂದ ಬೆಳೆದದ್ದು. 2008ರ ನಾಲ್ಕನೆಯ ಸಿಂಫನಿಯನ್ನು ಅವರು ಆಗ ರಷ್ಯಾದ ಸೆರೆಯಲ್ಲಿದ್ದ ಉದ್ಯಮಿ ಮಿಖೈಲ್ ಖೊಡೊರ್ಕೊವ್‌ಸ್ಕಿ ಅವರಿಗೆ ಅರ್ಪಿಸಿದರು. 2014ರಲ್ಲಿ ಜಪಾನಿನ ಪ್ರೀಮಿಯಮ್ ಇಂಪೀರಿಯಾಲೆ, 2023ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ ಬಂದವು.

ಆಕ್ಷೇಪಗಳು

ಪ್ಯಾರ್ಟ್ ಅವರನ್ನು ಪವಿತ್ರ ಮಿನಿಮಲಿಸಂ (ಅತಿ ಕಡಿಮೆ ಸಾಮಗ್ರಿಯಿಂದ ಕಟ್ಟಿದ ಧಾರ್ಮಿಕ ಸಂಗೀತ) ಎಂಬ ಹಣೆಪಟ್ಟಿಯಡಿ ಗೊರೆಟ್ಸ್ಕಿ, ಟ್ಯಾವೆನರ್ ಎಂಬ ಸಂಯೋಜಕರೊಂದಿಗೆ ಸೇರಿಸಿ, ದಣಿದವರಿಗೆ ಹಿತವಾಗುವ ಸಂಗೀತವೆಂದು ತಳ್ಳಿಹಾಕಿದ ವಿಮರ್ಶಕರು ಇದ್ದಾರೆ. ‘ಸ್ಪೀಗೆಲ್ ಇಮ್ ಸ್ಪೀಗೆಲ್’ ಎಂಬ 1978ರ ಕೃತಿ ಲೆಕ್ಕವಿಲ್ಲದಷ್ಟು ಚಲನಚಿತ್ರಗಳಲ್ಲಿ ಕಣ್ಣೀರಿನ ದೃಶ್ಯಕ್ಕೆ ಹಿನ್ನೆಲೆಯಾದದ್ದು ಈ ಆಕ್ಷೇಪಕ್ಕೆ ಬಲ ಕೊಟ್ಟಿದೆ. ಬಳಕೆಯ ಬಗ್ಗೆ ಈ ದೂರು ನ್ಯಾಯವಾದದ್ದೇ; ಕೃತಿಯ ಬಗ್ಗೆ ಅಲ್ಲ. ಹಿತ ನೀಡಲು ಹೊರಟವರು ಕೇಳುಗರ ಕಿವಿ ಬಯಸಿದಾಗಲೆಲ್ಲ ಬಯಸಿದ್ದನ್ನು ಕೊಡುತ್ತಾರೆ. ಇಲ್ಲಿ ಎರಡನೆಯ ದನಿ ಕಿವಿಯ ಇಷ್ಟಕ್ಕೆ ಸೊಪ್ಪು ಹಾಕುವುದಿಲ್ಲ; ನಿಯಮ ಹೇಳಿದ ಸ್ವರ ಒರಟಾಗಿದ್ದರೂ ಅದನ್ನೇ ನುಡಿಸುತ್ತದೆ. ರೈಖ್, ಗ್ಲಾಸ್ ಮುಂತಾದ ಅಮೆರಿಕದ ಮಿನಿಮಲಿಸ್ಟರ ಮಿಡಿತವಾಗಲೀ ಪುನರಾವರ್ತನೆಯ ಹುರುಪಾಗಲೀ ಇದರಲ್ಲಿಲ್ಲ. ಒಪ್ಪಬೇಕಾದ ಇನ್ನೊಂದು ಆಕ್ಷೇಪವಿದೆ: ಇಷ್ಟು ಬಿಗಿಯಾದ ಪದ್ಧತಿಯಲ್ಲಿ ಬರೆದ ಕೆಲವು ಕೃತಿಗಳು ಒಂದನ್ನೊಂದು ಹೋಲುತ್ತವೆ, ಮತ್ತು ಸಾಧಾರಣ ಪ್ರಯೋಗದಲ್ಲಿ ಬಹಳ ಬೇಗ ಸಪ್ಪೆಯಾಗುತ್ತವೆ. ಮರೆಮಾಚಲು ಯಾವ ಅಲಂಕಾರವೂ ಇಲ್ಲದ ಸಂಗೀತದಲ್ಲಿ ಗಾಯಕನ ಉಸಿರು ಒಂದಿಷ್ಟು ಜಾರಿದರೂ ಬಯಲಾಗುತ್ತದೆ.

2010ರಲ್ಲಿ ಪ್ಯಾರ್ಟ್ ದಂಪತಿ ಸ್ವತಂತ್ರ ಎಸ್ಟೋನಿಯಾಕ್ಕೆ ಮರಳಿದರು. ಟ್ಯಾಲಿನ್‌ನಿಂದ ಸುಮಾರು 35 ಕಿಲೋಮೀಟರ್ ದೂರದ ಲೌಲಾಸ್ಮಾ ಎಂಬಲ್ಲಿ, ಸಮುದ್ರದ ಸಮೀಪ, ಪೈನ್ ಮರಗಳ ನಡುವೆ ಆರ್ವೊ ಪ್ಯಾರ್ಟ್ ಕೇಂದ್ರ 2018ರ ಅಕ್ಟೋಬರ್‌ನಲ್ಲಿ ತೆರೆಯಿತು. ಅವರ ಕಾಗದಪತ್ರಗಳನ್ನು ಅಲ್ಲಿ ಕಾಪಾಡಲಾಗಿದೆ. ‘ಕ್ರೆಡೊ’ ಮತ್ತು ‘ಫ್ಯೂರ್ ಅಲೀನಾ’ಗಳ ನಡುವಿನ ಅವಧಿಯನ್ನು ಖಾಲಿ ಜಾಗವೆಂದು ಬಗೆದವರು ನೋಡಬೇಕಾದದ್ದು ಆ ನೋಟ್‌ಬುಕ್ಕುಗಳನ್ನು. ಕೃತಿಗಳ ಪಟ್ಟಿಯಲ್ಲಿ ಅವುಗಳಿಗೆ ಸ್ಥಾನವಿಲ್ಲ, ಯಾವ ವೇದಿಕೆಯ ಮೇಲೂ ಅವು ಕೇಳಿಬಂದಿಲ್ಲ. ಆದರೆ ಎರಡನೆಯ ದನಿ ಬಂದು ಕೈ ಹಿಡಿಯುವ ಮುನ್ನ ಮೊದಲ ದನಿ ಒಂಟಿಯಾಗಿ ನಡೆಯಲು ಕಲಿತದ್ದು ಆ ಪುಟಗಳಲ್ಲಿ, ಒಂದೊಂದು ಕೀರ್ತನೆಗೆ ಒಂದೊಂದೇ ಸಾಲಿನಂತೆ.